ಕೈ ನೋವಿಗೆ ಸೀಟು ರಿಪೇರಿ: ಹಳೆಯ ಸಿಬಿಆರ್ 250ಆರ್ ಒಂದನ್ನು ದೂರದ ದಾರಿಗೆ ಹೊಂದಿಸಿದ ಪ್ರಕರಣ

ಮಾಸ್ತರರು ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದವರು ಹೆಲ್ಮೆಟ್ ತೆಗೆಯಲೇ ಇಲ್ಲ. ಮೊದಲು ಎಡಗೈ ಜಾಡಿಸಿದರು, ಆಮೇಲೆ ಬಲಗೈ. "ಕಿರುಬೆರಳು, ಅದರ ಬಾಜೂದು, ಎರಡೂ ಜೋಮು ಹಿಡದಾವ್ರಿ," ಅಂದರು. ಧಾರವಾಡದಿಂದ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬರೀ ಅರ್ಧ ತಾಸಿನ ದಾರಿ. ಇದೇ ಗಾಡಿ ಮೇಲೆ ಅವರಿಗೆ ಬೆಂಗಳೂರಿಗೆ ಹೋಗುವ ಆಸೆ.

ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ವಯಸ್ಸು 46, ಎತ್ತರ 5 ಅಡಿ 7 ಇಂಚು, ತೂಕ 74 ಕೆ.ಜಿ. ಗಾಡಿ ಅವರ ತಮ್ಮನದು. ತಮ್ಮ ವಿದೇಶಕ್ಕೆ ಹೋದ, ಗಾಡಿ ತಾಡಪತ್ರಿ ಹೊದ್ದುಕೊಂಡು ಇಲ್ಲೇ ಉಳಿಯಿತು. ಹೋಂಡಾ ಸಿಬಿಆರ್ 250ಆರ್ ಸ್ಪೋರ್ಟ್ಸ್ ಬೈಕು, 2012ರ ಮಾಡೆಲ್, ಓಡಿದ್ದು 41,000 ಕಿ.ಮೀ. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಹುಬ್ಬಳ್ಳಿಯಿಂದ ಸುಮಾರು 410 ಕಿ.ಮೀ. ವಂದೇ ಭಾರತ್ ಇದೆ, ಜನಶತಾಬ್ದಿ ಇದೆ, ರಾತ್ರಿ ಬಸ್ಸುಗಳಿಗಂತೂ ಲೆಕ್ಕವಿಲ್ಲ. ಆದರೂ ಗಾಡಿ ಮೇಲೇ ಹೋಗಬೇಕು ಅನ್ನುವವರಿಗೆ ಯಾಕೆ ಎಂದು ಕೇಳಬಾರದು. ನಾನೂ ಅದೇ ಜಾತಿಯವನು.

ಅವರ ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಆನ್‌ಲೈನಿನಲ್ಲಿ ತರಿಸಿದ ಹ್ಯಾಂಡಲ್ ರೈಸರ್, ಅಂದರೆ ಹ್ಯಾಂಡಲನ್ನು ಎತ್ತರಿಸುವ ತುಂಡು. "ಇದನ್ನ ಹಾಕಿಸಿಬಿಡ್ರಿ, ಕೈನೋವು ಹೋಗ್ತೈತಂತ," ಅಂದರು. ನಾನು ಡಬ್ಬಿ ಇಸಿದುಕೊಂಡು ಕಪಾಟಿನ ಮೇಲಿಟ್ಟೆ. ಅದು ಅಲ್ಲೇ ಆರು ವಾರ ಕೂತಿತ್ತು.

ಮೊದಲು ಮುಪ್ಪಿನ ನೋವು

ನಾನು ಮಿಸ್ತ್ರಿಯಲ್ಲ. ಇಪ್ಪತ್ತು ವರ್ಷದಿಂದ ಹಳೆ ಗಾಡಿಗಳ ಜೊತೆ ಕೈ ಹೊಲಸು ಮಾಡಿಕೊಳ್ಳುವ ಹುಚ್ಚು ಅಷ್ಟೇ. ಭಾರಿ ಕೆಲಸಕ್ಕೆ ಗೋಕುಲ ರಸ್ತೆಯ ಮಿಸ್ತ್ರಿ ಒಬ್ಬರಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ಮಾತು ಅರ್ಥವಾಗಿದೆ. ಹಳೆ ಸ್ಪೋರ್ಟ್ಸ್ ಗಾಡಿಯಲ್ಲಿ ಮೈ ನೋಯುವುದಕ್ಕೆ ಎರಡು ಬೇರೆ ಬೇರೆ ಕಾರಣ ಇರುತ್ತವೆ. ಒಂದು ಗಾಡಿಯ ಆಕಾರ, ಇನ್ನೊಂದು ಅದರ ವಯಸ್ಸು. ಜನ ಆಕಾರಕ್ಕೆ ದುಡ್ಡು ಸುರಿಯುತ್ತಾರೆ, ವಯಸ್ಸನ್ನು ಮರೆತುಬಿಡುತ್ತಾರೆ.

ಸಿಬಿಆರ್ 250ಆರ್ ಪೂರ್ತಿ ರೇಸಿನ ಗಾಡಿಯೇನಲ್ಲ. 249 ಸಿಸಿ, ಒಂದೇ ಸಿಲಿಂಡರ್, ಕೂಲೆಂಟ್‌ನಿಂದ ತಣ್ಣಗಾಗುವ ಎಂಜಿನ್, ಆರು ಗೇರು, 13 ಲೀಟರಿನ ಟ್ಯಾಂಕು. ದೂರ ಹೋಗಲು ಎಂಜಿನ್ ತಕರಾರು ಮಾಡುವುದಿಲ್ಲ. ತಕರಾರು ಕೂರುವ ಭಂಗಿಯದು. ಹ್ಯಾಂಡಲ್ ಒಂದೇ ಉದ್ದ ಪೈಪಲ್ಲ. ಎಡಕ್ಕೊಂದು ಬಲಕ್ಕೊಂದು ಗಿಡ್ಡ ತುಂಡು, ಮುಂದಿನ ಗಾಲಿಯನ್ನು ಹಿಡಿದ ಎರಡು ಶಾಕಪ್ ಕೊಳವೆಗಳಲ್ಲಿ (ಫೋರ್ಕ್) ಒಂದೊಂದಕ್ಕೆ ಒಂದೊಂದನ್ನು ಕಚ್ಚಿಸಿರುತ್ತಾರೆ. ಅದನ್ನೇ ಕ್ಲಿಪ್-ಆನ್ ಅನ್ನುತ್ತೇವೆ. ಬೇರೆ ಗಾಡಿಯ ಎತ್ತರದ ಹ್ಯಾಂಡಲ್ ತಂದು ಸುಮ್ನೆ ಸಿಕ್ಕಿಸಿಬಿಡೋಣ ಅಂದರೆ ಆಗುವುದಿಲ್ಲ.

ಮೊದಲು ಟೈರು ನೋಡಿದೆ. ಟೈರಿನ ಬದಿಯಲ್ಲಿ ಉದ್ದದ ಕೋಡಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. ಮುಂದಿನ ಟೈರಿನಲ್ಲಿ 3215 ಇತ್ತು. ಅಂದರೆ 2015ರ 32ನೇ ವಾರ. ಹಲ್ಲು ಇನ್ನೂ ಚೆನ್ನಾಗಿಯೇ ಇದ್ದವು, ಅದಕ್ಕೇ ಯಾರೂ ಬದಲಿಸಿರಲಿಲ್ಲ. ಉಗುರು ಒತ್ತಿದರೆ ಮಾತ್ರ ಬಳಪದ ಕಲ್ಲಿನಂತೆ ಗಟ್ಟಿ. ರಸ್ತೆಯ ಒಂದೊಂದು ಹಳುಕನ್ನೂ ಅದು ಕೈಗೆ ತಲುಪಿಸುತ್ತಿತ್ತು. 110/70-17 ಮುಂದೆ, 140/70-17 ಹಿಂದೆ, ಎರಡೂ ಹೊಸವು ಬಂದವು. ಇಡೀ ಕೆಲಸದಲ್ಲಿ ಜಾಸ್ತಿ ಖರ್ಚಾಗಿದ್ದು ಇದಕ್ಕೇ.

ಆಮೇಲೆ ಮುಂದಿನ ಗಾಲಿ ನೆಲ ಬಿಡುವಂತೆ ಗಾಡಿಯನ್ನು ಜಾಕ್ ಮೇಲೆ ಎತ್ತಿದೆವು. ಹ್ಯಾಂಡಲನ್ನು ಒಂದೇ ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ನಟ್ಟ ನಡುವೆ ಬಂದಾಗ 'ಕಟ್' ಎಂದು ಕೂತುಕೊಳ್ಳುತ್ತಿತ್ತು. "ಕೋನ್ ಸೆಟ್ ಹೋಗೈತ್ರಿ ಸರ. ನೀವ ಹಿಡೀರಿ ನೋಡ್ರಿ," ಅಂದರು ಮಿಸ್ತ್ರಿ. ಮಾಸ್ತರರು ಹಿಡಿದು ನೋಡಿದರು. ಎರಡು ಸಲ, ಮೂರು ಸಲ. ಕೋನ್ ಸೆಟ್ ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗು. ಹನ್ನೆರಡು ವರ್ಷದಲ್ಲಿ ಆ ಬೇರಿಂಗಿನ ದಾರಿಯಲ್ಲಿ ಗುಣಿ ಬಿದ್ದಿದೆ, ವಯಸ್ಸಿನ ಸಹಜ ಸವೆತ. ಅಂಥ ಗಾಡಿ ತಾನಾಗಿ ನೆಟ್ಟಗೆ ಹೋಗುವುದಿಲ್ಲ. ಸವಾರ ಗೊತ್ತಿಲ್ಲದೆಯೇ ನಿಮಿಷಕ್ಕೆ ಹತ್ತಾರು ಸಲ ಹ್ಯಾಂಡಲ್ ತಿದ್ದುತ್ತಿರುತ್ತಾನೆ. ಭುಜ ಸಂಜೆಗೆ ಕಲ್ಲಾಗುವುದು ಇದರಿಂದ.

ಫೋರ್ಕ್ ಆಯಿಲ್ ಹೊರಗೆ ಬಂದಾಗ ಎರಿ ಹೊಲದ ಮಳೆನೀರಿನ ಬಣ್ಣ ಇತ್ತು. ಎಡಗಡೆ ಸೀಲ್ ಸೋರುತ್ತಿತ್ತು. ಸೀಲು ಎರಡೂ ಹೊಸವು, ಆಯಿಲ್ ಹೊಸದು. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಕೂಲೆಂಟನ್ನೂ ಕಾಲಕಾಲಕ್ಕೆ ಬದಲಿಸಬೇಕು. ಇವರದು ಎಂದು ಬದಲಾಗಿತ್ತೋ ದೇವರೇ ಬಲ್ಲ. ರೇಡಿಯೇಟರಿನ ಸಂದಿಗಳಲ್ಲಿ ನಮ್ಮ ಕಡೆಯ ಕರಿ ಧೂಳು ಮೆತ್ತಿಕೊಂಡಿತ್ತು. ಅದನ್ನು ಹಿಂದಿನಿಂದ ಮುಂದಕ್ಕೆ ಸಣ್ಣ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವಿಸ್‌ನವರ ಜೋರು ನೀರು ಬಿದ್ದರೆ ಆ ತೆಳು ತಗಡು ಮಡಚಿಕೊಳ್ಳುತ್ತದೆ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥೆನಾಲ್ ಸೇರಿದ ಪೆಟ್ರೋಲು. ಇದಕ್ಕಾಗಿ ತಯಾರಾಗದ ಹಳೆ ಗಾಡಿಗಳ ರಬ್ಬರ್ ಪೈಪುಗಳನ್ನು ಒಮ್ಮೆ ನೋಡಿಬಿಡುವುದು ಒಳ್ಳೆಯದು. ನೋಡಿದೆವು. ಬಿರುಕು ಬಿಟ್ಟ ಒಂದನ್ನು ಬದಲಿಸಿದೆವು.

ಹಿಂದಿನ ಶಾಕಪ್ ಜಾಸ್ತಿ ಕುಸಿಯುತ್ತಿತ್ತು. ಇದನ್ನು ಅಳೆಯುವುದು ಸುಲಭ. ಇಬ್ಬರು ಹಿಂದಿನ ಹಿಡಿಕೆ ಹಿಡಿದು ಗಾಡಿ ಎತ್ತಬೇಕು. ಗಾಲಿಯ ಅಚ್ಚಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಮಾಡಿ ದೂರ ಬರೆದುಕೊಳ್ಳಬೇಕು. ಆಮೇಲೆ ಸವಾರ ಜಾಕೆಟ್ಟು ಬ್ಯಾಗು ಸಮೇತ ಕೂತಾಗ ಮತ್ತೆ ಅಳೆಯಬೇಕು. ವ್ಯತ್ಯಾಸ 30ರಿಂದ 35 ಮಿ.ಮೀ. ಇದ್ದರೆ ರಸ್ತೆಗೆ ಸರಿ. ಮಾಸ್ತರರದು 48 ಬಂತು. ಸ್ಪ್ರಿಂಗ್ ಬಿಗಿ ಮಾಡುವ ಐದು ಮೆಟ್ಟಿಲಿನ ಉಂಗುರ ಇದೆ. ಅದನ್ನು ಎರಡು ಮೆಟ್ಟಿಲು ಏರಿಸಿದಾಗ 36ಕ್ಕೆ ಬಂತು. ಗಣಿತದ ಮಾಸ್ತರರಿಗೆ ಇಷ್ಟು ಸಿಕ್ಕಿದರೆ ಸಾಕು, ಅಲ್ವಾ? ಅವತ್ತೇ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದರು.

ನೋಟ್‌ಬುಕ್ಕಿನ ಲೆಕ್ಕ

ನಿಯಮ ಅವರದ್ದೇ. ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ವೇಗ. ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ಬಿಡಬೇಕು, ಅಣ್ಣಿಗೇರಿ ದಾಟಿ ಗದಗಕ್ಕೆ ಹೋಗಿ ತಿರುಗಿ ಬರಬೇಕು. ಹೋಗುವಾಗ 58 ಕಿ.ಮೀ. ವೇಗ 80 ದಾಟಬಾರದು. ಮೈಯ ಯಾವ ಭಾಗ ಎಷ್ಟನೇ ನಿಮಿಷಕ್ಕೆ ಮೊದಲು ಮಾತಾಡಿತು ಅನ್ನುವುದನ್ನು ನಿಂತು ಬರೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ.

ರಿಪೇರಿಗೆ ಮೊದಲೇ ಒಂದು ಸಲ ಹೋಗಿ ಬಂದಿದ್ದರು. ಬೆರಳು ಜೋಮು 25ನೇ ನಿಮಿಷ, ಭುಜ 40, ಕುಂಡಿ 50. ರಿಪೇರಿ ಮುಗಿದ ಮೇಲೆ ಹೋಗಿಬಂದು ನೋಟ್‌ಬುಕ್ ನನ್ನ ಮುಂದೆ ಹಿಡಿದರು. ಭುಜ ಗದಗ ಮುಟ್ಟುವ ತನಕ ಸುಮ್ಮನಿತ್ತು. ಕೋನ್ ಸೆಟ್ಟಿನ ಹಣ ವಸೂಲಾಯಿತು. ಆದರೆ ಬೆರಳಿನ ಮುಂದೆ 20 ಎಂದಿತ್ತು. ಮೊದಲು 25, ಈಗ 20. ಇಷ್ಟು ಖರ್ಚು ಮಾಡಿದ ಮೇಲೆ ನೋವು ಐದು ನಿಮಿಷ ಮುಂಚೆಯೇ ಬಂದಿದೆ.

"ರೈಸರ್ ಹಾಕಿಬಿಡೋಣೇನ್ರಿ?" ಅಂದರು. ಕಣ್ಣು ಕಪಾಟಿನ ಮೇಲಿತ್ತು.

ನನಗೂ ಒಂದು ಕ್ಷಣ ಹೊಳೆಯಲಿಲ್ಲ. ಗಾಡಿ ಸ್ಟ್ಯಾಂಡಿನ ಮೇಲಿತ್ತು, ನಾನು ಸುಮ್ನೆ ಹಿಂದಿನಿಂದ ನೋಡುತ್ತಾ ನಿಂತಿದ್ದೆ. ಆಮೇಲೆ ಮಾಸ್ತರರನ್ನು ಗಾಡಿ ಮೇಲೆ ಕೂರಿಸಿ, ಇಬ್ಬರು ಹಿಡಿದುಕೊಂಡು, "ಕೈ ಬಿಡ್ರಿ ಸರ, ಹ್ಯಾಂಡಲ್ ಹಿಡೀಬ್ಯಾಡ್ರಿ," ಅಂದೆ. ಕೈ ಬಿಟ್ಟರು. ಮೆಲ್ಲಗೆ, ಗೋಧಿ ಚೀಲ ಜಾರಿದ ಹಾಗೆ, ಮುಂದಕ್ಕೆ ಜಾರಿ ಟ್ಯಾಂಕಿಗೆ ತಾಗಿ ನಿಂತರು.

ಅಷ್ಟೇ ಇದ್ದದ್ದು. ಸೀಟು ಮುಂದಕ್ಕೆ ಇಳಿಜಾರು. ಜಾರುವ ಮೈಯನ್ನು ತಡೆಯುತ್ತಿದ್ದದ್ದು ಅಂಗೈ. ಹಿಂದಿನ ಶಾಕಪ್ ಬಿಗಿ ಮಾಡಿದಾಗ ಗಾಡಿಯ ಹಿಂಭಾಗ ಎದ್ದಿತು, ಇಳಿಜಾರು ಇನ್ನಷ್ಟು ಹೆಚ್ಚಿತು, ಐದು ನಿಮಿಷ ಹೋಯಿತು. ಮಾಸ್ತರರು ಮೊಬೈಲಿನ ಲೆವೆಲ್ ಆ್ಯಪ್ ತೆಗೆದು ಸೀಟಿನ ಮೇಲಿಟ್ಟರು. 7 ಡಿಗ್ರಿ.

ಜೋಮು ಯಾವ ಬೆರಳಿಗೆ ಬರುತ್ತದೆ ಅನ್ನುವುದೂ ಇದನ್ನೇ ಹೇಳುತ್ತಿತ್ತು. ಕಿರುಬೆರಳು, ಉಂಗುರ ಬೆರಳಿಗೆ ಹೋಗುವ ನರ ಅಂಗೈಯ ಹೊರಅಂಚಿನ ಬುಡದಲ್ಲಿ ಹಾದುಹೋಗುತ್ತದೆ. ಹ್ಯಾಂಡಲಿನ ಮೇಲೆ ಭಾರ ಹೇರಿದಾಗ ಒತ್ತುವುದು ಅದೇ ಜಾಗ. ಹೆಬ್ಬೆರಳು, ತೋರುಬೆರಳು ಜೋಮಾಗಿದ್ದರೆ ಮಣಿಕಟ್ಟು ಮಡಚಿಕೊಂಡಿದೆಯೇ, ಲಿವರಿನ ಕೋನ ತಪ್ಪಿದೆಯೇ ಎಂದು ಮೊದಲು ನೋಡುತ್ತಿದ್ದೆ. ರೈಸರ್ ಹಾಕಿದ್ದರೆ ನೋವು ಒಂದಿಷ್ಟು ಕಡಿಮೆಯಾಗುತ್ತಿತ್ತು, ಸುಳ್ಳಲ್ಲ. ಆದರೆ ಜಾರುವುದು ನಿಲ್ಲುತ್ತಿರಲಿಲ್ಲ.

ಮುಂದಿನ ಭಾನುವಾರ ಒಂದು ಪೈಸೆ ಖರ್ಚಿಲ್ಲದ ಪ್ರಯೋಗ ಮಾಡಿದೆವು. ಮನೆಯ ಹಳೆ ಟವೆಲ್ ಒಂದನ್ನು ನಾಲ್ಕು ಮಡಿಕೆ ಮಡಚಿ ಸೀಟಿನ ಮುಂಭಾಗಕ್ಕೆ ಸೈಕಲ್ ಟ್ಯೂಬಿನಿಂದ ಬಿಗಿದೆವು. ಮುಂದೆ ದಪ್ಪ, ಹಿಂದೆ ಬರುತ್ತಾ ತೆಳು. ನೋಡಲು ಹಾಲಿನವರ ಗಾಡಿಯಂತಿತ್ತು. ಮಾಸ್ತರರು ಪರಿಚಯದವರು ಯಾರೂ ಸಿಗದಿರಲಿ ಎಂದು ಐದೂವರೆಗೇ ಹೊರಟರು. ಬೆರಳಿನ ಮುಂದೆ ಬರೆದ ಅಂಕಿ 55.

ಸೀಟಿನ ಚಾಚಾ

ಹಳೇ ಹುಬ್ಬಳ್ಳಿಯಲ್ಲಿ ಸೀಟು ಹೊಲಿಯುವ ಚಾಚಾ ಒಬ್ಬರಿದ್ದಾರೆ. ಆಟೋ ಸೀಟು, ಟ್ರ್ಯಾಕ್ಟರ್ ಸೀಟು ಅವರ ದಿನದ ಕೆಲಸ. ನಮ್ಮ ಸೀಟಿನ ರೆಕ್ಸಿನ್ ಬಿಚ್ಚಿದಾಗ ಒಳಗೆ ಹಳದಿ ತಿರುಗಿದ ಎರಡು ಪದರ ಮೆತ್ತನೆ ಸ್ಪಂಜು ಇತ್ತು. ಯಾವಾಗಲೋ ಯಾರೋ 'ಆರಾಮ ಆಗ್ಲಿ' ಎಂದು ಹಾಕಿಸಿದ್ದು. ಚಾಚಾ ಹೆಬ್ಬೆರಳು ಒತ್ತಿದರು. ಸೀದಾ ಕೆಳಗಿನ ಪ್ಲಾಸ್ಟಿಕ್ ತಟ್ಟೆಗೆ ತಾಗಿತು. ಬೆರಳು ತೆಗೆದರೂ ಕುಳಿ ಹಾಗೇ ಇತ್ತು.

"ಮೆತ್ತಗಿದ್ರ ಅಂಗಡ್ಯಾಗ ಛಲೋ ಅನಸ್ತೈತ್ರಿ," ಅಂದರು. "ಒಂದ್ ತಾಸು ಕೂತ ಮ್ಯಾಲ ಎಲುಬು ಕೆಳಗ ಹತ್ತತಾವ."

ಕೂತಾಗ ನಮ್ಮ ಭಾರ ಬೀಳುವುದು ಎರಡು ಎಲುಬಿನ ತುದಿಗಳ ಮೇಲೆ. ಮೆತ್ತನೆ ಸ್ಪಂಜು ಅಲ್ಲಿ ಚಪ್ಪಟೆಯಾಗಿ ಮುಗಿದುಹೋಗುತ್ತದೆ. ಗಟ್ಟಿ ಸ್ಪಂಜು ಆ ಭಾರವನ್ನು ತೊಡೆಗೂ ಹಂಚುತ್ತದೆ. ಆದ್ದರಿಂದ ಕೆಳಗೆ ಚೂರುಗಳನ್ನು ಒತ್ತಿ ಮಾಡಿದ ರೀಬಾಂಡೆಡ್ ಫೋಮ್, ಅದರ ಮೇಲೆ ಗಟ್ಟಿ ಫೋಮ್, ಎಲ್ಲಕ್ಕಿಂತ ಮೇಲೆ ಬೆರಳಿನ ಅರ್ಧ ದಪ್ಪದ ಮೆತ್ತನೆ ಪದರ. ಕೂರುವ ಜಾಗ ಎರಡೂ ಬದಿಗೆ ತುಸು ಅಗಲ. ಮುಂಭಾಗ ಮಾತ್ರ ಸಪೂರ, ಇಲ್ಲವಾದರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಚಾಚಾ ಅಳತೆ ಟೇಪು ಮುಟ್ಟಲಿಲ್ಲ. ಉದ್ದನೆ ಚೂರಿಯಲ್ಲಿ ಒಂದೊಂದೇ ಸಿಪ್ಪೆ ಕೆತ್ತುವುದು, "ಕೂಡ್ರಿ ಸರ" ಅನ್ನುವುದು, ಮತ್ತೆ ಇಳಿಸಿ ಕೆತ್ತುವುದು. ಮಾಸ್ತರರು ಹನ್ನೊಂದು ಸಲ ಹತ್ತಿ ಇಳಿದರು. ನಡುವೆ ಎರಡು ಚಹಾ ಆದವು. ನುಣುಪು ರೆಕ್ಸಿನ್ ಬೇಡ, ನಡುವಿಗೆ ತರಿತರಿ ಇರುವುದನ್ನೇ ಹಾಕಿ ಅಂದೆವು. ಕೊನೆಗೆ ಲೆವೆಲ್ ಆ್ಯಪ್ 2 ಡಿಗ್ರಿ ತೋರಿಸಿತು. ಖರ್ಚು 1,900 ರೂಪಾಯಿ.

ಸೀಟು ಮೊದಲಿಗಿಂತ 20 ಮಿ.ಮೀ. ಎತ್ತರವಾಯಿತು. ಅದು ತಪ್ಪಿ ಆದದ್ದಲ್ಲ. ಮಾಸ್ತರರಿಗೆ ಮೊಣಕಾಲೂ ಹಿಡಿಯುತ್ತಿತ್ತು. ಫೂಟ್‌ರೆಸ್ಟ್ ಕೆಳಗಿಳಿಸುವ ಪಟ್ಟಿ ಲೇತಿನಲ್ಲಿ ಮಾಡಿಸಬಹುದು. ಆದರೆ ಜೊತೆಗೆ ಬ್ರೇಕ್ ಪೆಡಲು, ಗೇರ್ ಲಿವರು ಎಲ್ಲವನ್ನೂ ಇಳಿಸಬೇಕು, ತಿರುವಿನಲ್ಲಿ ಫೂಟ್‌ರೆಸ್ಟ್ ಬೇಗ ನೆಲ ಕೆರೆಯುತ್ತದೆ. ಸೀಟು 20 ಮಿ.ಮೀ. ಎತ್ತಿದರೂ ಮೊಣಕಾಲಿಗೆ ಸಿಗುವ ಜಾಗ ಅಷ್ಟೇ. ಆದರೆ ಇದಕ್ಕೊಂದು ಬೆಲೆ ಇದೆ. ಸೀಟು ಎದ್ದರೆ ಹ್ಯಾಂಡಲ್ ಅಷ್ಟೇ ಕೆಳಗೆ ಹೋದಂತೆ. ಈಗ ಕಪಾಟಿನ ಮೇಲಿನ ಡಬ್ಬಿಯ ಸರದಿ ಬಂತು.

ರೈಸರ್ ಕೊಟ್ಟ ಹೆದರಿಕೆ

ಹ್ಯಾಂಡಲ್ 25 ಮಿ.ಮೀ. ಮೇಲೆ ಬಂತು, ಸ್ವಲ್ಪ ಸವಾರನ ಕಡೆಗೂ ಬಂತು. ಸಂಜೆ ಮಿಸ್ತ್ರಿಯ ಅಂಗಳದಲ್ಲಿ ಮಾಸ್ತರರು ಕೂತು ನೋಡಿ, "ಆಹಾ," ಅಂದರು. ಎಂಜಿನ್ ಚಾಲೂ ಇತ್ತು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಸೂಜಿ 1,400ರ ಹತ್ತಿರ. ಗಾಡಿ ಹೊರಳಿಸಲು ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಎಂಜಿನ್ ತಾನಾಗಿ 'ಗೊರ್' ಎಂದು 2,200ಕ್ಕೆ ಏರಿತು. ಕೈ ಎಕ್ಸಲೇಟರ್ ಮೇಲೆ ಇರಲೇ ಇಲ್ಲ.

ಅವರು ನಕ್ಕರು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಹ್ಯಾಂಡಲ್ ಎತ್ತಿದಾಗ ಎಕ್ಸಲೇಟರ್ ಕೇಬಲ್‌ಗೆ ಉದ್ದ ಸಾಲುತ್ತಿಲ್ಲ, ಎಡಕ್ಕೆ ತಿರುಗಿಸಿದಾಗ ಅದೇ ಎಳೆದುಕೊಳ್ಳುತ್ತಿದೆ. ಇಕ್ಕಟ್ಟಿನ ಜಾಗದಲ್ಲಿ ಯೂ-ಟರ್ನ್ ಹೊಡೆಯುವಾಗ ಹೀಗಾದರೆ ಗಾಡಿ ಸೀದಾ ಎದುರಿನ ಗೋಡೆಗೆ. ಮಿಸ್ತ್ರಿ ಕೇಬಲನ್ನು ಕ್ಲಿಪ್ಪಿನಿಂದ ಬಿಡಿಸಿ ಬೇರೆ ಸಂದಿಯಿಂದ ಹಾಯಿಸಿದರು. ಮತ್ತೆ ಎಡ, ಬಲ, ಎಡ, ಬಲ. ಸೂಜಿ ಅಲುಗಲಿಲ್ಲ. ಆಮೇಲೆ ಮುಂದಿನ ಗಾಲಿಯನ್ನು ಮತ್ತೆ ಗಾಳಿಯಲ್ಲಿ ಎತ್ತಿ ಬ್ರೇಕ್ ಪೈಪು ಎಲ್ಲೂ ಬಿಗಿಯುತ್ತಿಲ್ಲ ಅಂತ ನೋಡಿದೆವು. ನೆಲದ ಮೇಲಿದ್ದಾಗ ಸಡಿಲ ಕಂಡ ಪೈಪು, ಫೋರ್ಕ್ ಪೂರ್ತಿ ಚಾಚಿದಾಗ ಬಿಗಿಯಾಗಬಹುದು. ಹ್ಯಾಂಡಲಿಗೂ ಮುಂದಿನ ಗಾಜಿಗೂ ನಡುವೆ ಹೆಬ್ಬೆರಳು ಹೋಗುವಷ್ಟು ಜಾಗ ಇದೆಯೇ ಅನ್ನುವುದನ್ನೂ ನೋಡಿದೆವು. ರೈಸರ್ ಜೊತೆ ಬಂದ ಕಾಗದದಲ್ಲಿ ಇದ್ಯಾವುದೂ ಇರಲಿಲ್ಲ.

ಹ್ಯಾಂಡಲ್ ಎತ್ತಿದ ಮೇಲೆ ಕ್ಲಚ್, ಬ್ರೇಕ್ ಲಿವರುಗಳನ್ನೂ ತಿರುಗಿಸಿ ಹೊಂದಿಸಬೇಕು. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ಇದಕ್ಕೆ ಖರ್ಚಿಲ್ಲ, ಐದು ನಿಮಿಷದ ಕೆಲಸ. ಆಗಲೇ ಕಂಡದ್ದು, ಎಡ ಹ್ಯಾಂಡಲಿನ ತುದಿಯ ಗುಂಡು ಇಲ್ಲ. ತಮ್ಮ ಯಾವಾಗಲೋ ಬಿದ್ದಾಗ ಹೋಗಿರಬೇಕು. ಅಂದಕ್ಕೆ ಇಟ್ಟದ್ದಲ್ಲ ಅದು. ಒಂಟಿ ಸಿಲಿಂಡರಿನ ನಡುಕವನ್ನು ಆ ಭಾರ ನುಂಗುತ್ತದೆ. ಹೊಸದು ಹಾಕಿದ ಮೇಲೆ ಎಡ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಲು ಬಂತು.

ಎಲ್ಲವೂ ನಟ್ಟು ಬೋಲ್ಟಿನ ಕೆಲಸ. ಚಾಸಿಗೆ ವೆಲ್ಡಿಂಗು, ಕಟಿಂಗು ಏನೂ ಮಾಡಿಲ್ಲ. ಕಾನೂನು ಒಂದು ಕಾರಣ. ಇನ್ನೊಂದು, ಹದಿನೈದು ವರ್ಷ ತುಂಬಿ 2027ರಲ್ಲಿ ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಬೇಕು. ಅಷ್ಟರೊಳಗೆ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು.

ಮಾಡದೆ ಬಿಟ್ಟದ್ದು

ಎತ್ತರದ ಗಾಜು ಹಾಕಿಸಿ ಎಂದು ಹತ್ತು ಜನ ಹೇಳಿದರು. ಹಾಕಿಸಲಿಲ್ಲ. 90ರ ವೇಗದಲ್ಲಿ ಎದೆಗೆ ಬಡಿಯುವ ಗಾಳಿ ಮೈಯನ್ನು ಹಿಂದಕ್ಕೆ ತಳ್ಳಿ ಅಂಗೈಯ ಭಾರ ಇಳಿಸುತ್ತದೆ. ಆ ಗಾಳಿ ತಡೆದರೆ ಭಾರ ಮತ್ತೆ ಕೈಗೇ. ಎತ್ತರದ ಗಾಜಿನ ಅಂಚಿನಿಂದ ಎದ್ದ ಗಾಳಿ ಹೆಲ್ಮೆಟ್ಟಿಗೆ ಬಡಿದರೆ ತಲೆಯೂ ಅಲುಗಾಡುತ್ತದೆ. ಬದಲಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಕೊಟ್ಟೆ. ಮೊದಲು ಹೆದರಿದರು. ಹಾರ್ನ್ ಕೇಳುತ್ತದೆ, ಹೋಗುವುದು ಗಾಳಿಯ ಭೋರ್ ಮಾತ್ರ. ದಿನದ ಕೊನೆಯ ದಣಿವಿನಲ್ಲಿ ಎಷ್ಟು ಪಾಲು ಆ ಸದ್ದಿನದ್ದು ಅಂತ ಒಮ್ಮೆ ಹಾಕಿಕೊಂಡು ಹೋದವರಿಗೇ ಗೊತ್ತು.

ಚೈನು ತಿರುಗಿಸುವ ಮುಂದಿನ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್) ಒಂದು ಹಲ್ಲು ಜಾಸ್ತಿ ಹಾಕಿದರೆ ಎಂಜಿನ್ ನಿಧಾನ ತಿರುಗಿ ನಡುಕ ಇಳಿಯುತ್ತದೆ, ನಿಜ. ಆದರೆ ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ಇವರಿಗೆ ಯಲ್ಲಾಪುರದ ಆಚೆ ಅರಬೈಲ್ ಘಟ್ಟವನ್ನೂ ಹತ್ತುವ ಆಸೆ ಇದೆ. ಬೇಡ ಅಂದೆ. ಚೈನನ್ನು ಮಾತ್ರ ಸೀಮೆಎಣ್ಣೆಯಲ್ಲಿ ಒರೆಸಿ, 500 ಕಿ.ಮೀ.ಗೊಮ್ಮೆ ಲೂಬ್ ಹೊಡೆಯುವುದನ್ನು ಕಲಿಸಿದೆ. ಪೆಟ್ರೋಲಿನಲ್ಲಿ ತೊಳೆದರೆ ಒಳಗಿನ ರಬ್ಬರ್ ಉಂಗುರ ಹಾಳಾಗುತ್ತವೆ.

ಕಲಿಸಲು ಜಾಸ್ತಿ ಹೊತ್ತು ಹಿಡಿದದ್ದು ಒಂದೇ: ತೊಡೆಯಿಂದ ಟ್ಯಾಂಕ್ ಹಿಡಿಯುವುದು. ಸ್ಪೋರ್ಟ್ಸ್ ಗಾಡಿಯಲ್ಲಿ ಮೈಯ ಭಾರ ಹೊರಬೇಕಾದ್ದು ಕಾಲು ಮತ್ತು ಸೊಂಟ. ಹ್ಯಾಂಡಲ್ ಮೇಲೆ ಕೈ ಸುಮ್ನೆ ಇಟ್ಟಂತೆ ಇರಬೇಕು, ಮೊಣಕೈ ಮಡಚಿರಬೇಕು. "ಮೊಣಕೈ ಕೋಳಿ ರೆಕ್ಕಿ ಹಂಗ ಅಲುಗ್ಯಾಡಬೇಕ್ರಿ," ಅಂದರು ಮಿಸ್ತ್ರಿ. ಮಾಸ್ತರರು ಉಣಕಲ್ ಕೆರೆಯ ಮುಂದಿನಿಂದ ರೆಕ್ಕೆ ಆಡಿಸುತ್ತಾ ಹೋದದ್ದನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಆದ ಮೇಲಿನ ಗದಗ ಸವಾರಿಯಲ್ಲಿ ಬೆರಳಿನ ಮುಂದೆ ಏನೂ ಬರೆದಿರಲಿಲ್ಲ. ಹೋಗಿ ಬರುವ 116 ಕಿ.ಮೀ.ಯೂ ಖಾಲಿ.

ಬೆಂಗಳೂರು

ಡಿಸೆಂಬರಿನ ಒಂದು ಶನಿವಾರ ಬೆಳಕು ಹರಿದ ಮೇಲೆ ಹೊರಟರು. ಕತ್ತಲಲ್ಲಿ ಬೇಡ ಎಂದು ನಾನೇ ಹಟ ಹಿಡಿದಿದ್ದೆ. ಸುಗ್ಗಿಯ ಹೊತ್ತು, ಹಿಂದೆ ಒಂದು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯಲ್ಲಿರುತ್ತವೆ. ನೋವು ಬರಲಿ ಬಿಡಲಿ, ಒಂದೂಕಾಲು ತಾಸಿಗೆ ಒಮ್ಮೆ ಇಳಿಯಲೇಬೇಕು ಅನ್ನುವುದು ಕರಾರು. ನೋವು ಬಂದ ಮೇಲೆ ಇಳಿದರೆ ಅದು ಗಾಡಿ ಮೇಲೇ ಕೂತು ಕಾಯುತ್ತಿರುತ್ತದೆ. ಹಾವೇರಿಯಲ್ಲಿ ಚಹಾ, ದಾವಣಗೆರೆಯಲ್ಲಿ ಬೆಣ್ಣೆದೋಸೆ, ಚಿತ್ರದುರ್ಗದಲ್ಲಿ ಪೆಟ್ರೋಲು. ಲೀಟರಿಗೆ 30 ಕಿ.ಮೀ.ಯ ಆಸುಪಾಸು ಕೊಡುತ್ತಿತ್ತು. ಬ್ಯಾಗಿನಲ್ಲಿ ಭಾರದ್ದೆಲ್ಲ ಟ್ಯಾಂಕಿನ ಮೇಲೆ, ಹಗುರದ್ದು ಹಿಂದೆ.

ಸಂಜೆ ನಾಲ್ಕಕ್ಕೆ ಫೋನ್ ಬಂತು. ಬೆರಳು ಮೊದಲು ಜೋಮಾದದ್ದು ಶಿರಾ ದಾಟಿದ ಮೇಲೆ, ಅದೂ ಬಲಗೈ ಒಂದೇ. ಆ ಕೈ ಇಡೀ ದಿನ ಎಕ್ಸಲೇಟರ್ ಹಿಡಿದಿರುತ್ತದೆ, ಅಷ್ಟು ಸಹಜ. ಕುಂಡಿ ತಕರಾರು ಮಾಡಲಿಲ್ಲ. ಹೊಸದೊಂದು ಸುದ್ದಿ ಇತ್ತು. ಇನ್ನೂರು ಕಿ.ಮೀ. ಆದ ಮೇಲೆ ಸೇತುವೆಯ ಸಂದು ದಾಟಿದಾಗಲೆಲ್ಲ ಗಾಡಿಯ ಹಿಂಭಾಗ ಒಂದು ಸಲ ಅಲ್ಲ, ಎರಡು ಮೂರು ಸಲ ಕುಣಿಯುತ್ತಿತ್ತು.

ಅದು ನಾನು ಬಿಟ್ಟ ತಪ್ಪು. ಉಂಗುರ ತಿರುಗಿಸಿದರೆ ಬಿಗಿಯಾಗುವುದು ಸ್ಪ್ರಿಂಗ್ ಮಾತ್ರ. ಕುಣಿತ ತಡೆಯುವುದು ಶಾಕಪ್ ಒಳಗಿನ ಎಣ್ಣೆ. ಹಳೆ ಎಣ್ಣೆ ಬಿಸಿಯಾಗಿ ತೆಳ್ಳಗಾದಾಗ ಸೋತುಹೋಗುತ್ತದೆ. ಗದಗಿನ ಸವಾರಿ ಮುಗಿಯುವಷ್ಟರಲ್ಲಿ ಅದು ಅಷ್ಟು ಬಿಸಿಯೇ ಆಗುತ್ತಿರಲಿಲ್ಲ, ಹಾಗಾಗಿ ನೋಟ್‌ಬುಕ್ಕಿಗೆ ಬರಲಿಲ್ಲ. ವಾಪಸ್ ಬರುವಾಗ ಚಿತ್ರದುರ್ಗದಲ್ಲಿ ರಾತ್ರಿ ಉಳಿದು ಎರಡು ದಿನದಲ್ಲಿ ಬನ್ನಿ ಎಂದೆ, ಹಾಗೇ ಬಂದರು.

ಈಗ ಶಾಕಪ್ ಬಿಚ್ಚಿ ಹಳೆ ಪೇಪರಿನಲ್ಲಿ ಸುತ್ತಿ ನಮ್ಮ ಪಡಸಾಲೆಯಲ್ಲಿಟ್ಟಿದೆ. ಎಣ್ಣೆ, ಸೀಲು ಬದಲಿಸಿ ಇದನ್ನೇ ಸರಿಮಾಡುವುದೋ, ಹೊಸದು ತರುವುದೋ ಎಂದು ಮಾಸ್ತರರು ಲೆಕ್ಕ ಹಾಕುತ್ತಿದ್ದಾರೆ. ಮೊನ್ನೆ ಬಂದವರು ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಮೇಲೆ 'ಹುಬ್ಬಳ್ಳಿ–ಗದಗ–ಹೊಸಪೇಟೆ' ಎಂದು ಬರೆದರು. ಈ ಸಲದ ಪರೀಕ್ಷೆಗೆ 58 ಕಿ.ಮೀ. ಸಾಲುವುದಿಲ್ಲವಂತೆ.